ಹೊಟ್ಟೆಮುಳ್ಳಿಲ್ಲದ ಮೀನು

ನಮ್ಮತ್ತೆಯ ಹೆಸರಿನಲ್ಲಿ ಮನೆಯಿಲ್ಲ, ಸೈಟಿಲ್ಲ, ಒಂದು ಸ್ಕೂಟರ್ ಕೂಡ ಇಲ್ಲ. ಒಂದು ಮೀನಿದೆ. ಬೆರಳುದ್ದದ್ದು. ಆಂಚೊವಿ ಎಂಬ ಸಣ್ಣ ಮೀನುಗಳ ಕುಟುಂಬ ಬಹಳ ದೊಡ್ಡದು. ಆ ಕುಟುಂಬದಲ್ಲಿ ಅದುವರೆಗೆ ಯಾರೂ ಕಾಣದಿದ್ದ ಒಂದು ಪ್ರಭೇದವನ್ನು ನಮ್ಮ ಮಾವ ಕಂಡುಹಿಡಿದು, ಅದಕ್ಕೆ ಹೊಸ ಹೆಂಡತಿಯ ಹೆಸರಿಟ್ಟರು. ಆಗ ಅವರು ಕಾಲೇಜಿನಲ್ಲಿ ಆಗತಾನೆ ಕೆಲಸಕ್ಕೆ ಸೇರಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರು. ಈಗ ನಿವೃತ್ತರಾಗಿ ತಲೆಯೆಲ್ಲ ಬೆಳ್ಳಗಾದರೂ ಆ ಸುದ್ದಿ ಮಾತ್ರ ಅವರ ಬಾಯಲ್ಲಿ ಹಳೆಯದಾಗಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನೂ ನಿಲ್ಲಿಸಿಕೊಂಡು ಹೇಳುತ್ತಾರೆ. ಬೀದಿಯವರು ಅತ್ತೆಯನ್ನು ಕರೆಯುವುದೇ ಮೀನಮ್ಮ ಎಂದು.

ಆ ಮೀನನ್ನು ಪುಸ್ತಕದಿಂದ ಅಳಿಸುವ ಕೆಲಸ ನನ್ನ ತಲೆಗೆ ಬಂತು. ಸೊಸೆ ಅತ್ತೆಯ ಚಿನ್ನ ಕಸಿದಳು, ಮನೆ ಕಸಿದಳು ಎಂಬ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಅತ್ತೆಯ ಮೀನು ಕಸಿದವಳು ಬಹುಶಃ ನಾನೊಬ್ಬಳೇ.

ನಾನು ಕೆಲಸ ಮಾಡುವುದು ಸಂಗ್ರಹಾಲಯದ ನೆಲಮಾಳಿಗೆಯ ಮೀನುಕೋಣೆಯಲ್ಲಿ. ಮೇಲಿನ ಮಹಡಿಯಲ್ಲಿ ಜನ ತಿಮಿಂಗಿಲದ ಅಸ್ಥಿಪಂಜರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ ನಾವು ಮೀನು ಮುಳುಗಿಸಿಟ್ಟ ಸ್ಪಿರಿಟ್ಟಿನ ಬಾಟಲಿಗಳ ನಡುವೆ ಸೀನುತ್ತ ಕೂರುತ್ತೇವೆ. ಕೂರುತ್ತೇವೆ ಎಂದದ್ದು ಬರೀ ಮಾತಿಗೆ. ನನಗೆ ಕೂರುವುದೇ ಬಾರದು. ಒಂದು ಮೀನು ನೋಡಿದರೆ ಕಪಾಟುಗಳ ನಡುವೆ ಒಂದು ಸುತ್ತು ಹೋಗಿಬರಬೇಕು, ಇಲ್ಲದಿದ್ದರೆ ಕಾಲು ಜುಮುಗುಡುತ್ತದೆ. ಜೊತೆಯವರು ನನಗೆ ಗಿರಗಿಟ್ಲೆ ಎನ್ನುತ್ತಾರೆ. ಈ ಮನೆಗೆ ಸೊಸೆಯಾದದ್ದೂ ಒಂದು ಕಡೆ ನಿಲ್ಲಲಾರದ್ದರಿಂದಲೇ. ಮಾವನ ಹತ್ತಿರ ಏನೋ ಸಂದೇಹ ಕೇಳಲು ಬಂದಿದ್ದೆ. ಅವರು ಪುಸ್ತಕ ಹುಡುಕುವಷ್ಟು ಹೊತ್ತು ತಾಳಲಾಗದೆ ಅಂಗಳಕ್ಕಿಳಿದೆ. ಅಲ್ಲಿ ಅವರ ಮಗ ಸೈಕಲ್ಲಿನ ಚೈನು ಹಾಕುತ್ತಿದ್ದ. ಆ ಸಂದೇಹಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಆಂಚೊವಿಗಳನ್ನು ಒಂದರಿಂದೊಂದು ಬೇರೆ ಮಾಡುವುದೆಂದರೆ ಶಾಲೆ ಬಿಟ್ಟಾಗ ಒಂದೇ ಯೂನಿಫಾರ್ಮಿನ ಮಕ್ಕಳ ಗುಂಪಿನಲ್ಲಿ ನಿಮ್ಮ ಮಗುವನ್ನು ಹುಡುಕಿದ ಹಾಗೆ. ಎಲ್ಲಕ್ಕೂ ಅದೇ ಮುಂದೆ ಚಾಚಿದ ಮೂತಿ, ಅದೇ ಕಣ್ಣಿನ ಹಿಂದಿನವರೆಗೆ ಸೀಳಿದ ಬಾಯಿ, ಪಕ್ಕೆಯಲ್ಲಿ ಅದೇ ಬೆಳ್ಳಿಯ ಪಟ್ಟಿ. ಹಾಗಾಗಿ ನಾವು ನೋಡುವುದು ಬೇರೆ ಕಡೆ. ಮೇಲ್ದವಡೆಯ ಮೂಳೆ ಹಿಂದಕ್ಕೆ ಎಲ್ಲಿಯವರೆಗೆ ಬಂದಿದೆ, ಕಿವಿರಿನ ಮುಚ್ಚಳದ ಅಂಚನ್ನು ಮುಟ್ಟುತ್ತದೋ ಇಲ್ಲವೋ. ಹೊಟ್ಟೆಯ ಕೆಳಗಿನ ರೆಕ್ಕೆ ಬೆನ್ನಿನ ರೆಕ್ಕೆಗಿಂತ ಮುಂದೆ ಶುರುವಾಗುತ್ತದೋ ಹಿಂದೆಯೋ. ಬೆನ್ನ ಮೇಲೆ ಕಪ್ಪು ಚುಕ್ಕಿಗಳ ಸಾಲಿದೆಯೋ. ಎಲ್ಲಕ್ಕಿಂತ ಮುಖ್ಯವಾಗಿ, ಎದೆಯಿಂದ ಹೊಟ್ಟೆಯವರೆಗೆ ಅಡಿಯಂಚಿನಲ್ಲಿ ಸೂಜಿಮೊನೆಯಂಥ ಪುಟ್ಟ ಮುಳ್ಳುಗಳಿವೆಯೋ, ಇದ್ದರೆ ಎಷ್ಟು. ನಾವು ಅದಕ್ಕೆ ಹೊಟ್ಟೆಮುಳ್ಳು ಎನ್ನುತ್ತೇವೆ. ಬರಿಗಣ್ಣಿಗೆ ಕಾಣುವುದು ಕಷ್ಟ, ಉಗುರಿಗೆ ಬೇಗ ಸಿಕ್ಕುತ್ತದೆ.

ಮಾವನ ಮೀನು ಎಲ್ಲದರಲ್ಲೂ ಸಂತೆಯಲ್ಲಿ ಬುಟ್ಟಿಗಟ್ಟಲೆ ಸಿಗುವ ಮಾಮೂಲಿ ಆಂಚೊವಿಯ ಹಾಗೇ. ಎರಡೇ ವ್ಯತ್ಯಾಸ. ಹೊಟ್ಟೆಮುಳ್ಳು ಒಂದೂ ಇಲ್ಲ, ಮೇಲ್ದವಡೆಯ ಮೂಳೆ ಗಿಡ್ಡ. ಅಂಥ ಮೀನುಗಳ ಒಂದೇ ಒಂದು ಬಾಟಲಿ ಜಗತ್ತಿನಲ್ಲಿದೆ, ಕಾಲೇಜಿನಿಂದ ಬಂದು ಅದು ಈಗ ನಮ್ಮ ಕೋಣೆಯಲ್ಲಿದೆ. ಆಮೇಲೆ ಯಾರ ಬಲೆಗೂ ಅದು ಬಿದ್ದಿಲ್ಲ. ಅಪರೂಪದ ಮೀನು ಎಂದು ಪುಸ್ತಕಗಳು ಬರೆದುಕೊಂಡವು, ಅಷ್ಟೇ.

ಈ ವರ್ಷ ಗುರುತುಪುಸ್ತಕದ ಹೊಸ ಆವೃತ್ತಿ ಬರಬೇಕಿತ್ತು. ಬಂದರುಗಳಲ್ಲಿ, ಪರೀಕ್ಷಾಲಯಗಳಲ್ಲಿ ಮೀನು ಹಿಡಿದು ಇದು ಯಾವುದು ಎಂದು ನೋಡಿಕೊಳ್ಳುವವರಿಗೆ ಅದೇ ಆಧಾರ. ನಮ್ಮ ವಿಭಾಗದ ದೊಡ್ಡಮೇಡಂ ಆಂಚೊವಿಯ ಪುಟಗಳನ್ನು ನನಗೆ ವಹಿಸಿ, ಹಿಂದಿನವರು ಬರೆದದ್ದನ್ನು ನಂಬಬೇಡ, ಪ್ರತಿಯೊಂದು ಬಾಟಲಿಯನ್ನೂ ತೆಗೆದು ನೋಡು ಎಂದರು. ದೂರದ ಊರಿನ ಸಂಶೋಧಕಿಯೊಬ್ಬಳು ಅದೇ ವಾರ ಫೋನ್ ಮಾಡಿದ್ದಳಂತೆ. ಹೊಟ್ಟೆಮುಳ್ಳಿಲ್ಲದ ಈ ಮೀನನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ದೋಣಿ ದೋಣಿ ಅಲೆದು ಬುಟ್ಟಿಗಟ್ಟಲೆ ಮೀನು ತಡವಿ ಒಂದೂ ಸಿಗದೆ, ಇನ್ನು ಏನು ಮಾಡಲಿ ಎಂದು ಅತ್ತಳಂತೆ. ಅವಳಿಗೆ ಏನಾದರೂ ಉತ್ತರ ಕೊಡಬೇಕು ಎಂದು ಮೇಡಂ ನನ್ನ ಮುಖ ನೋಡಿದರು.

ಮನೆಯ ಮೀನೆಂಬ ಸಲಿಗೆಯಿಂದ ಅದನ್ನೇ ಮೊದಲು ತೆಗೆದೆ. ಭೂತಗನ್ನಡಿಯಲ್ಲಿ ಎಲ್ಲ ಮಾವ ಬರೆದಂತೆಯೇ ಇತ್ತು, ಹೊಟ್ಟೆ ಸಾಫು. ಸುಮ್ಮನೆ ಇರಲಿ ಎಂದು ಎಕ್ಸ್-ರೇಗೆ ಕಳಿಸಿದೆ. ಬಂದ ಚಿತ್ರವನ್ನು ದೀಪದ ಪೆಟ್ಟಿಗೆಯ ಮೇಲಿಟ್ಟೆ. ಪ್ರತಿ ಮೀನಿನ ಹೊಟ್ಟೆಯಲ್ಲೂ ಮುಳ್ಳುಗಳ ಬುಡಗಳು ಮಾಂಸದೊಳಗೆ ಸಾಲಾಗಿ ಕೂತಿದ್ದವು. ಬುಡವಿದೆ, ಮೊನೆಯಿಲ್ಲ. ದವಡೆಯ ಮೂಳೆ ಗಿಡ್ಡವಾಗಿರಲಿಲ್ಲ, ತುದಿ ಮುರಿದಿತ್ತು. ಒಂದೆರಡು ಮೀನುಗಳಲ್ಲಿ ಮುರಿದ ಚೂರು ಇನ್ನೂ ಚರ್ಮಕ್ಕೆ ಅಂಟಿಕೊಂಡಿತ್ತು. ಅದು ಹೊಸ ಪ್ರಭೇದವೂ ಅಲ್ಲ, ಹಳೆಯ ಅಪರೂಪವೂ ಅಲ್ಲ. ಮುಳ್ಳು ಕಳೆದುಕೊಂಡ ಮಾಮೂಲಿ ಆಂಚೊವಿ.

ಅಂದಿನಿಂದ ನನ್ನ ನೆಮ್ಮದಿಗೆ ಬೆಂಕಿ ಬಿತ್ತು. ಕಪಾಟುಗಳ ಸುತ್ತ ಎಷ್ಟು ಸುತ್ತಿದೆನೆಂದರೆ ಜೊತೆಯವರು ನೆಲ ಸವೆಯುತ್ತದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಮಾವನ ಮೇಲೆ, ಎಕ್ಸ್-ರೇ ಯಂತ್ರದ ಮೇಲೆ, ಸುಮ್ಮನಿರಲಾರದೆ ಅದನ್ನು ಅಲ್ಲಿಗೆ ಕಳಿಸಿದ ನನ್ನ ಮೇಲೆ. ಮನೆಗೆ ಬಂದರೆ ಮಾವ ಬಾಗಿಲಲ್ಲೇ ಕಾದಿರುತ್ತಿದ್ದರು. ಹೊಸ ಆವೃತ್ತಿಯಲ್ಲಿ ಚಿತ್ರಗಳು ಬಣ್ಣದಲ್ಲಿ ಬರುತ್ತವೆಂದು ನಾನೇ ಒಮ್ಮೆ ಬಾಯಿ ಹರಿಬಿಟ್ಟಿದ್ದೆ. ನಮ್ಮ ಪುಟ ಮುಗಿಯಿತೇ, ಬೆಳ್ಳಿಪಟ್ಟಿಗೆ ಬೂದು ಬಳಿದುಬಿಟ್ಟಾರು, ನೀನು ಮುಂದೆ ನಿಂತು ಮಾಡಿಸಬೇಕು ಎಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳುತ್ತಿದ್ದರು. ಇನ್ನೂ ಇದೆ ಮಾವ ಎಂದು ಒಳಗೆ ಜಾರಿಕೊಳ್ಳುತ್ತಿದ್ದೆ. ಅತ್ತೆ ಏನೂ ಕೇಳುತ್ತಿರಲಿಲ್ಲ. ತಟ್ಟೆ ಇಡುತ್ತ ನನ್ನ ಮುಖವನ್ನು ಒಮ್ಮೆ ನೋಡುತ್ತಿದ್ದರು, ಅಷ್ಟೇ.

ಗಂಡನಿಗೆ ಹೇಳಿದೆ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದು ಮನೆಯಲ್ಲಿ ಕಲ್ಲಿನ ಹಾಗೆ ಕೂರುತ್ತಾನೆ. ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, "ಬಲೆಗೆ ಉಜ್ಜಿ ಹೋಗಿದೆ ಅಂತ ಬರಿ. ಬಲೆ ಬಂದು ಜಗಳ ಆಡಲ್ಲ" ಎಂದ.

ಅವನ ಬುದ್ಧಿಗೆ ಮೆಚ್ಚಬೇಕು, ಆದರೆ ನಿಜವಾಗಿರಬೇಕಲ್ಲ. ಮರುದಿನದಿಂದ ಅದನ್ನೇ ಹಟ ಹಿಡಿದು ಪರೀಕ್ಷಿಸಿದೆ. ಬಂದರಿನಿಂದ ತಾಜಾ ಆಂಚೊವಿ ತಂದು ಬಲೆಯ ಚೂರಿಗೆ ಉಜ್ಜಿದೆ. ಪಕ್ಕೆಯ ಹುರುಪೆಯೆಲ್ಲ ಹೋಯಿತು, ಬೆಳ್ಳಿಪಟ್ಟಿ ಅಳಿಸಿಹೋಯಿತು, ಹೊಟ್ಟೆಮುಳ್ಳು ಹಾಗೇ ಇತ್ತು. ಮಾವನ ಮೀನುಗಳಲ್ಲಿ ಪಟ್ಟಿ ಇವತ್ತಿಗೂ ಚೆನ್ನಾಗಿದೆ. ಬ್ರಷ್ಷಿನಿಂದ ತಿಕ್ಕಿದೆ, ಒಂದೆರಡು ಮುಳ್ಳು ಬಾಗಿದವು. ಚಿಮಟದಲ್ಲಿ ಕಿತ್ತೆ, ಬುಡಸಮೇತ ಬಂದವು. ಇಕ್ಕಟ್ಟಾದ ಬಾಟಲಿಗೆ ತಲೆಕೆಳಗಾಗಿ ತುರುಕಿದೆ, ಮೂತಿ ಜಜ್ಜಿತು. ಯಾವುದರಲ್ಲೂ ಆ ಎರಡು ಗುರುತು ಒಟ್ಟಿಗೆ ಬರಲಿಲ್ಲ. ಕೆಲಸದ ಹೊತ್ತು ಮುಗಿದು ಕೋಣೆಗೆ ಬೀಗ ಬಿದ್ದಾಗ, ಉಳಿದ ಮೀನನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಅರ್ಧವನ್ನು ನನ್ನ ಪರೀಕ್ಷೆಗೆಂದು ಫ್ರಿಜ್ಜಿನಲ್ಲಿಟ್ಟು, ಅರ್ಧವನ್ನು ಅಡುಗೆಗೆಂದು ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಸಿಂಕಿನ ಮುಂದೆ ನಿಂತು ಶುರುಮಾಡಿದರು. ನಾನು ಕೈ ಹಿಂದೆ ಕಟ್ಟಿಕೊಂಡು ಅಡುಗೆಮನೆಯಲ್ಲಿ ಆ ಕಡೆ ಈ ಕಡೆ ಓಡಾಡುತ್ತಿದ್ದೆ. ಮೀನನ್ನು ಎಡಗೈಯಲ್ಲಿ ಮಲಗಿಸಿ, ಬಲಗೈ ಹೆಬ್ಬೆರಳಿನ ಉಗುರನ್ನು ಗಲ್ಲದ ಕೆಳಗೆ ಒತ್ತಿ, ಹೊಟ್ಟೆಯ ಅಂಚಿನುದ್ದಕ್ಕೂ ಒಂದೇ ಎಳೆತಕ್ಕೆ ಹಿಂದಕ್ಕೆ ಜಾರಿಸುತ್ತಿದ್ದರು. ಚಿರ್ ಎಂಬ ಸಣ್ಣ ಸದ್ದು. ಎಲ್ಲ ಮೀನಿಗೂ ಹಾಗೆ ಮಾಡಿ ಒಂದು ಕಡೆ ಇಟ್ಟು, ಆಮೇಲೆ ಒಟ್ಟಿಗೆ ತಲೆ ಕೀಳುವುದು ಅವರ ಕ್ರಮ. ಯಾಕೆ ಹಾಗೆ ಎಂದು ಕೇಳಿದೆ. ಇಲ್ಲದಿದ್ದರೆ ಗಂಟಲಿಗೆ ಚುಚ್ಚುತ್ತದೆ, ನಮ್ಮಮ್ಮ ಹೀಗೇ ಮಾಡುತ್ತಿದ್ದಳು ಎಂದರು, ತಿರುಗಿ ನೋಡದೆ.

ನನ್ನ ಕಾಲು ನಿಂತುಬಿಟ್ಟಿತು. ಇನ್ನೂ ತಲೆಯಿದ್ದ ಒಂದು ಮೀನನ್ನು ಎತ್ತಿಕೊಂಡು ಊಟದ ಮೇಜಿನ ದೀಪದ ಕೆಳಗೆ ಭೂತಗನ್ನಡಿ ಹಿಡಿದೆ. ಪಟ್ಟಿ ಫಳಫಳ. ಹೊಟ್ಟೆ ಸಾಫು. ದವಡೆಯ ಮೂಳೆ ಗಿಡ್ಡ. ಉಗುರು ಒತ್ತಿದ ಕಡೆ ಅದರ ತುದಿ ಮುರಿದಿತ್ತು. ಮಾವನ ಪ್ರಬಂಧದಲ್ಲಿ ಬರೆದ ಒಂದೊಂದು ಗುರುತೂ ನನ್ನ ಅಂಗೈಯಲ್ಲಿತ್ತು. ತಲೆಯೆತ್ತಿದರೆ ಅತ್ತೆ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರು ಹಿತ್ತಲಿನ ಕಡೆ ಕಣ್ಣು ತೋರಿಸಿದರು. ಮಾವ ಹಜಾರದಲ್ಲಿ ರೇಡಿಯೊ ಕೇಳುತ್ತಿದ್ದರು.

ಹಿತ್ತಲಿನಲ್ಲಿ ಒಣಹಾಕಿದ್ದ ಬಟ್ಟೆಗಳ ಹಿಂದೆ ನಿಂತು ಅತ್ತೆ ಎಲ್ಲ ಹೇಳಿದರು. ಮದುವೆಯಾದ ಹೊಸದು. ಕಾಲೇಜಿಗೆ ರಜೆ, ಪ್ರಯೋಗಾಲಯಕ್ಕೆ ಬೀಗ. ಮಾವ ಬೆಳಗ್ಗೆ ಎಲ್ಲಿಂದಲೋ ಒಂದು ಡಬ್ಬಿ ಮೀನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸ್ಪಿರಿಟ್ ತರಲು ಹೊರಟುಹೋದರು. ಇದು ಏನು, ಯಾಕೆ ಎಂದು ಹೇಳಲಿಲ್ಲ. ಅಡುಗೆಮನೆಗೆ ಬಂದ ಮೀನು ಅಡುಗೆಗಲ್ಲದೆ ಇನ್ನೇನಕ್ಕೆ ಎಂದುಕೊಂಡು ಅತ್ತೆ ಎಲ್ಲದರ ಹೊಟ್ಟೆ ಸವರಿ ಮುಗಿಸಿದರು. ತಲೆ ಕೀಳಬೇಕು ಅನ್ನುವಷ್ಟರಲ್ಲಿ ಮಾವನ ಹೆಜ್ಜೆ ಸದ್ದು ಕೇಳಿಸಿತು. ಅವರ ಕೈಯಲ್ಲಿ ಗಾಜಿನ ಬಾಟಲಿ ನೋಡಿದೊಡನೆ ತಪ್ಪಾಯಿತೆಂದು ತಿಳಿದು, ಮೀನುಗಳನ್ನು ಮತ್ತೆ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು. ಹುಡುಗು ಮೇಷ್ಟ್ರು ಮುಂಗೋಪಿ ಎಂದು ಆಗಲೇ ಗೊತ್ತಾಗಿತ್ತು. ಮಾವ ನೋಡದೆ ಬಾಟಲಿಗೆ ಹಾಕಿದರು. ಕೆಲವು ದಿನಗಳ ಮೇಲೆ ಕಿಟಕಿಯ ಬೆಳಕಿನಲ್ಲಿ ಲೆನ್ಸ್ ಹಿಡಿದು ನೋಡಿದವರು ಕುರ್ಚಿಯಿಂದ ಎದ್ದು ಮನೆಯೆಲ್ಲ ಕುಣಿದಾಡಿದರಂತೆ. ಅತ್ತೆಗೆ ಆ ಹೊತ್ತಿನಲ್ಲಿ ನಾಲಿಗೆ ಏಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅದು ಅಚ್ಚಾಗಿ ಬಂತು, ಅವರ ಹೆಸರು ಹೊತ್ತುಕೊಂಡು.

"ಅವರು ಲೆನ್ಸ್ ತಗೊಂಡಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು" ಎಂದರು ಅತ್ತೆ. "ಮೀನು ಹೋದ್ರೆ ಹೋಗ್ಲಿ. ನೀನು ತೆಗೆದುಹಾಕು. ಆದರೆ ಯಾರ ಕೈ ಅಂತ ಮಾತ್ರ ಅವರಿಗೆ ಗೊತ್ತಾಗ್ಬಾರ್ದು. ಇಷ್ಟು ವರ್ಷ ಮುಚ್ಚಿಟ್ಟಳಲ್ಲ ಅನ್ನೋದನ್ನ ಅವರು ಸಹಿಸಲ್ಲ."

ನಾನು ಮಾತು ಕೊಟ್ಟೆ. ಕೊಟ್ಟ ಮರುಗಳಿಗೆಯೇ ಪಶ್ಚಾತ್ತಾಪವಾಯಿತು. ಗುರುತುಪುಸ್ತಕದ ನಿಯಮ ಹಾಗೆ. ಒಂದು ಪ್ರಭೇದವನ್ನು ತೆಗೆದುಹಾಕಿದರೆ ಯಾಕೆ ಎಂದು ಬರೆಯಬೇಕು, ಮುಳ್ಳು ಹೇಗೆ ಹೋಯಿತು ಎಂದು ಬರೆಯಬೇಕು. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಸ್ವಚ್ಛ ಮಾಡಿದ ಮೀನನ್ನೇ ಹಿಡಿದು ಹೊಸದು ಎಂದು ಕುಣಿಯುತ್ತಾರೆ, ಮತ್ತೊಬ್ಬ ಹುಡುಗಿ ಬುಟ್ಟಿ ತಡವಿ ಅಳುತ್ತಾಳೆ. ನಾನು ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಗೊತ್ತಿದ್ದೂ ಗೊತ್ತಿಲ್ಲ ಎಂದು ಬರೆಯುವಾಗ ನನ್ನ ಮೈಯೆಲ್ಲ ಉರಿಯಿತು. ದೊಡ್ಡಮೇಡಂ ಓದಿ, ಇಷ್ಟು ಓಡಾಡಿದ್ದೀಯ, ಒಂದು ಊಹೆಯಾದರೂ ಇಲ್ಲವೇ ಎಂದು ಹುಬ್ಬೇರಿಸಿದರು. ನಾನು ಕಪಾಟಿನ ಕಡೆ ನೋಡಿದೆ. ನಾಳಿದ್ದು ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಯೋಚಿಸು ಎಂದು ಹಾಳೆ ವಾಪಸ್ ಕೊಟ್ಟರು.

ಮಾವನಿಗೆ ಹೇಳದೆ ಅಚ್ಚಿಗೆ ಕಳಿಸುವುದು ಬೆನ್ನಿಗೆ ಚೂರಿ ಹಾಕಿದ ಹಾಗೆ. ಅವತ್ತು ಸಂಜೆ ಅವರ ಮುಂದೆ ನಿಂತುಕೊಂಡೇ, ಕೂತರೆ ಧೈರ್ಯ ಕೂತುಬಿಡುತ್ತದೆಂದು ನಿಂತುಕೊಂಡೇ, ಮುಳ್ಳಿನ ಬುಡಗಳ ವಿಷಯ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಮೂಗಿನ ತುದಿ ಕೆಂಪಾಯಿತು. ನೀನು ಹುಟ್ಟುವ ಮೊದಲೇ ನಾನು ಮೀನು ಎಣಿಸಿದವನು, ಯಂತ್ರ ಕೆಟ್ಟಿರಬೇಕು, ನಾಳೆ ಬಂದು ನಾನೇ ನೋಡುತ್ತೇನೆ ಎಂದು ಬೆತ್ತದ ಕುರ್ಚಿಯನ್ನು ನೂಕಿ ಎದ್ದರು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆಯೇ ಬಸ್ಸು ಹತ್ತಿದರು. ಮೀನುಕೋಣೆಯಲ್ಲಿ ಎಕ್ಸ್-ರೇ ಹಾಳೆಯನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು, ಒರೆಸಿಕೊಂಡು ಮತ್ತೆ ನೋಡಿದರು. ಮಾವ ಮುಂಗೋಪಿ ಇರಬಹುದು, ಸುಳ್ಳುಗಾರರಲ್ಲ. ಕಣ್ಣ ಮುಂದೆ ಇದ್ದದ್ದನ್ನು ಇಲ್ಲವೆನ್ನುವವರಲ್ಲ. ಹಾಳೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, ತೆಗೆದುಹಾಕು ಎಂದರು. ದೊಡ್ಡಮೇಡಂ ಕಾಫಿ ತರಿಸಿದರು, ಮುಟ್ಟಲಿಲ್ಲ. ನನಗೆ ಅಳು ಬಂತು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಕಷ್ಟ ಅಲ್ಲಿಗೆ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಲೂ ಇರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಮಾವ ಯೋಚಿಸುತ್ತ ಬಂದರು, ಯೋಚಿಸುತ್ತ ಬಿಸಿಯಾದರು. ಮನೆ ಮುಟ್ಟುವಷ್ಟರಲ್ಲಿ ಅವರಿಗೊಬ್ಬ ಅಪರಾಧಿ ಸಿಕ್ಕಿಬಿಟ್ಟಿದ್ದ. ಕಾಲೇಜಿನ ಪ್ರಯೋಗಾಲಯದಲ್ಲಿ ಆಗ ಒಬ್ಬ ಸಹಾಯಕರಿದ್ದರು, ಬಾಟಲಿ ತೊಳೆದು ಸ್ಪಿರಿಟ್ ಬದಲಿಸುವವರು. ಎಲ್ಲರೂ ಬಾಟಲಿಯಣ್ಣ ಎನ್ನುತ್ತಿದ್ದರು. ಈಗ ಅವರೂ ಮುದುಕರು, ಮಾರ್ಕೆಟ್ಟಿನ ಆಚೆ ಮಗಳ ಮನೆಯಲ್ಲಿದ್ದಾರೆ. ಮಾವನಿಗೆ ಉಳಿದಿರುವ ಒಬ್ಬನೇ ಗೆಳೆಯ. ವಾರಕ್ಕೊಮ್ಮೆ ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತು ಕಾಲೇಜಿನವರನ್ನೆಲ್ಲ ಆಡಿಕೊಳ್ಳುತ್ತಾರೆ. ಸ್ಪಿರಿಟ್ ಬದಲಿಸುವಾಗ ಅವನೇ ಬ್ರಷ್ ಹಾಕಿ ತಿಕ್ಕಿದ್ದಾನೆ, ನನ್ನ ಇಡೀ ಆಯುಷ್ಯವನ್ನೇ ತಿಕ್ಕಿಹಾಕಿದ್ದಾನೆ ಎಂದು ಮಾವ ಅಂಗಳದಿಂದಲೇ ಕೂಗುತ್ತ ಒಳಗೆ ಬಂದರು. ಬ್ರಷ್ಷಿನಿಂದ ಹಾಗಾಗುವುದಿಲ್ಲ ಮಾವ, ನಾನು ನೋಡಿದ್ದೇನೆ ಎಂದೆ. ಹಾಗಾದರೆ ಹೇಗಾಗುತ್ತದೆ ಹೇಳು ಎಂದರು. ಅತ್ತೆಗೆ ಕೊಟ್ಟ ಮಾತು ಅಡ್ಡ ಬಂತು. ಅವರು ಬಟ್ಟೆಯನ್ನೂ ಬದಲಿಸದೆ ಬೆತ್ತ ಹುಡುಕಿ ಎತ್ತಿಕೊಂಡರು. ಈಗಲೇ ಹೋಗಿ, ಅವನ ಮಗಳ ಎದುರಿಗೇ ಕೇಳುತ್ತೇನೆ, ಇನ್ನು ಅವನ ಮುಖ ನೋಡಿದರೆ ನನ್ನ ಹೆಸರು ಬದಲಿಸಿ ಎಂದರು.

ಗಂಡ ಎದ್ದು ಬಾಗಿಲಿಗೆ ಅಡ್ಡ ನಿಂತ. ಅಪ್ಪ, ನಾಳೆ ಹೋಗಿ ಎಂದ. ಮಾವ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಲು ನೋಡಿದರು. ನಾನು ಹಜಾರದಲ್ಲಿ ಆ ಗೋಡೆಗೂ ಈ ಗೋಡೆಗೂ ಓಡಾಡುತ್ತಿದ್ದೆ. ಒಬ್ಬರಿಗೆ ಕೊಟ್ಟ ಮಾತು ಉಳಿಸಿದರೆ ಇನ್ನೊಬ್ಬರ ಮಾನ ಹೋಗುತ್ತದೆ, ಏನು ಮಾಡಲಿ ಎಂದು ತೋಚದೆ ತಲೆ ಚಿಟ್ಟು ಹಿಡಿದಿತ್ತು.

ಆಗ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಅತ್ತೆ ನನ್ನ ಪರೀಕ್ಷೆಯ ಮೀನಿನ ಡಬ್ಬಿ ಹಿಡಿದುಕೊಂಡು ಹಜಾರಕ್ಕೆ ಬಂದರು. ಊಟದ ಮೇಜಿನ ಮೇಲೆ ಇಟ್ಟು, ಮಾವನ ಲೆನ್ಸನ್ನು ಅದರ ಪಕ್ಕ ಇಟ್ಟರು. "ಇಲ್ಲಿ ಬನ್ನಿ, ನೋಡಿ" ಎಂದರು. ಆ ದನಿಗೆ ಮಾವ ಬೆತ್ತ ಕೆಳಗಿಳಿಸಿ ಬಂದರು. ಅತ್ತೆ ಒಂದು ಮೀನನ್ನು ಎತ್ತಿ ಅವರ ಕೈಗೆ ಕೊಟ್ಟರು. ಅವರು ಅಭ್ಯಾಸಬಲದಿಂದ ಹೊಟ್ಟೆಯ ಮೇಲೆ ಉಗುರಾಡಿಸಿದರು, ಮುಳ್ಳಿತ್ತು. ಅತ್ತೆ ಅದನ್ನು ವಾಪಸ್ ತೆಗೆದುಕೊಂಡು, ಎಡಗೈಯಲ್ಲಿ ಮಲಗಿಸಿ, ಹೆಬ್ಬೆರಳನ್ನು ಗಲ್ಲದಿಂದ ಹಿಂದಕ್ಕೆ ಒಮ್ಮೆ ಎಳೆದು ಮತ್ತೆ ಅವರ ಅಂಗೈಗೆ ಹಾಕಿದರು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾವ ಲೆನ್ಸ್ ಹಿಡಿದರು. ಯಾವ ಬಲೆಗೂ ಬೀಳದಿದ್ದ ಅವರ ಮೀನು ಅವರ ಕೈಯಲ್ಲಿತ್ತು.

ಬಾಗಿಲಲ್ಲಿ ನಿಂತಿದ್ದ ಗಂಡ ಏನೂ ಅರ್ಥವಾಗದೆ ನನ್ನನ್ನು ನೋಡಿದ. ಮಾವ ಕುರ್ಚಿಯ ಮೇಲೆ ಕೂತರು. ಈಗ ಸಿಡಿಯುತ್ತಾರೆ, ಈಗ ಸಿಡಿಯುತ್ತಾರೆ ಎಂದು ನಾನು ಹಲ್ಲು ಕಚ್ಚಿ ಕಾದೆ.

"ಆ ಡಬ್ಬಿ" ಎಂದರು ಮಾವ. ಅತ್ತೆ ತಲೆಯಾಡಿಸಿದರು.

"ಇಷ್ಟು ವರ್ಷ. ನನಗೆ ಅಷ್ಟೊಂದು ಹೆದರ್ತಿದ್ಯಾ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಮೊದಮೊದಲು ಹೆದರಿಕೆ. ಆಮೇಲೆ ಅದಲ್ಲ. ಮದುವೆ ಆದಾಗಿಂದ ನೀವು ನನ್ನ ಹೆಸರು ಹಿಡಿದು ಕರೆದೇ ಇರ್ಲಿಲ್ಲ. ಇಗೋ, ಕೇಳಿಸ್ತಾ, ಇಷ್ಟೇ. ಆ ಮೀನು ಬಂದ ಮೇಲೆ ದಿನಾ ಯಾರ ಹತ್ರಾನಾದ್ರೂ ನನ್ನ ಹೆಸರು ಹೇಳ್ತಿದ್ರಿ. ಒಳಗಿಂದ ಕೇಳಿಸ್ಕೋತಿದ್ದೆ. ಮೀನಿನ ಮಾತು ಅಂತ ಗೊತ್ತಿತ್ತು. ಆದರೂ ಕೇಳಿಸ್ಕೋಬೇಕು ಅನ್ಸೋದು."

ಇಷ್ಟು ಹೇಳಿ ಅವರು ಡಬ್ಬಿಯ ಮುಚ್ಚಳ ಹಾಕಿದರು. ಮಾವ ಅಂಗೈಯ ಮೀನನ್ನು ಕೆಳಗಿಡಲಿಲ್ಲ. ಅವರಿಗೆ ಅಂಥ ಪೆಟ್ಟು ಬಿದ್ದದ್ದನ್ನು ನಾನು ಈ ಮನೆಗೆ ಬಂದಮೇಲೆ ನೋಡಿರಲಿಲ್ಲ, ಬೆಳಗ್ಗೆ ಎಕ್ಸ್-ರೇ ನೋಡಿದಾಗಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, ಅಚ್ಚಿನ ಹಾಳೆ ಚೀಲದಲ್ಲಿದೆಯೇ ಎಂದು ಕೇಳಿದರು. ತೆಗೆದೆ. ‘ಕಾರಣ ತಿಳಿದುಬಂದಿಲ್ಲ’ ಎಂಬಲ್ಲಿ ಬೆರಳಿಟ್ಟು, ಇದನ್ನು ಹೊಡೆದುಹಾಕು ಎಂದರು. ಅತ್ತೆಯ ಮುಖ ಬಿಳಿಚಿಕೊಂಡಿತು. ಬೇಡ ಮಾವ ಎಂದೆ.

"ಬರ್ಕೋಮ್ಮ" ಎಂದರು ಮಾವ. "ಮುಳ್ಳು ಹೋಗಿದ್ದಕ್ಕೆ ಕಾರಣ. ಮೀನು ತಂದವನು ಅದನ್ನ ಅಡುಗೆಮನೇಲಿ ಇಟ್ಟು, ಹೆಂಡತಿಗೆ ಒಂದು ಮಾತೂ ಹೇಳದೆ ಹೊರಟುಹೋದ."

ಅತ್ತೆ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತರು. ದೊಡ್ಡಮೇಡಂ ಇಂಥ ವಾಕ್ಯವನ್ನು ಅಚ್ಚಿಗೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಅವರಿಬ್ಬರ ಎದುರು ಕೂತು, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ.